ಟೆಲಿಫೋನ್ ತಂತಿಯ ಮೇಲೆ ನಾಲ್ಕು ಪಾಳಯ

ನಕ್ಷೆಯಲ್ಲಿ ಊರುಗಳ ನಿಜವಾದ ಹೆಸರು ಬೇಡ ಎಂದು ನನ್ನ ಪಾಲುದಾರ ಮೊದಲ ದಿನವೇ ಹೇಳಿದ್ದ. ಅವನು ಹಗಲು ಕಾಲೇಜಿನಲ್ಲಿ ಲೆಕ್ಕದ ಪಾಠ ಮಾಡಿ, ಸಂಜೆ ಪಾಂಡವಪುರದ ನನ್ನ ಕಂಪ್ಯೂಟರ್ ಸೆಂಟರಿಗೆ ಬಂದು ಪ್ರೋಗ್ರಾಂ ಬರೆಯುವವನು. "ಒಂದನೇ ಕೋಟೆ, ಎರಡನೇ ಕೋಟೆ ಅಂತ ನಂಬರ್ ಹಾಕಿಬಿಡೋಣ. ಹೆಸರು ಹಾಕಿದ್ರೆ ಹೊಡೆದಾಟ ಆಗ್ತದೆ" ಅಂದ.

"ಆಗ್ಲಿ ಅಂತಾನೇ ಹಾಕ್ತಿರೋದು" ಅಂದೆ.

ನಾನು ಸಂತೆಯಲ್ಲಿ ಬೆಳೆದವನು. ನಂಬರಿಗೆ ಯಾರೂ ಜಗಳ ಆಡುವುದಿಲ್ಲ, ಹೆಸರಿಗೆ ಆಡುತ್ತಾರೆ. ಹದಿನೇಳನೇ ಕೋಟೆ ಹೋಯಿತು ಅಂದರೆ ಹುಡುಗ ಹೆಗಲು ಕುಣಿಸಿ ಮನೆಗೆ ಹೋಗುತ್ತಾನೆ. ಕ್ಯಾತನಹಳ್ಳಿ ಹೋಯಿತು ಅಂದರೆ, ಅವನ ಅಮ್ಮನ ತವರು ಕ್ಯಾತನಹಳ್ಳಿ ಆಗಿದ್ದರೆ, ಮಾರನೆಯ ದಿನ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬರುತ್ತಾನೆ. ನನಗೆ ಬೇಕಾಗಿದ್ದದ್ದು ಆ ನಾಲ್ಕು ಜನ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅದಕ್ಕೆ ಮುಂಚೆ ನಾನು ಹಳೇ ಪಂಪ್‌ಸೆಟ್ಟು ಕೊಂಡು, ರಿಪೇರಿ ಮಾಡಿ, ಬಣ್ಣ ಬಳಿದು ಮಾರುತ್ತಿದ್ದೆ. ಮೈಸೂರಿನ ಆಫೀಸುಗಳು ಹಳೇ ಕಂಪ್ಯೂಟರುಗಳನ್ನು ಮೂಲೆಗೆ ಹಾಕುವುದನ್ನು ನೋಡಿ, ಇದೂ ಪಂಪ್‌ಸೆಟ್ಟಿನಂತೆಯೇ ಅಲ್ಲವೇ ಎಂದು ಆ ವ್ಯಾಪಾರಕ್ಕೆ ಇಳಿದೆ. ಪಾಂಡವಪುರದಲ್ಲಿ ನನ್ನದೇ ಸೆಂಟರು ಆಯಿತು. ಶ್ರೀರಂಗಪಟ್ಟಣದ ಒಂದು ಫೋಟೋ ಸ್ಟುಡಿಯೋಗೆ, ಕೆ.ಆರ್. ಪೇಟೆಯ ಒಂದು ಟ್ರಾಕ್ಟರ್ ಬಿಡಿಭಾಗದ ಅಂಗಡಿಗೆ, ನಾಗಮಂಗಲದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರು ಮಾರಿದೆ. ಮೂವರೂ ನನ್ನ ಮಾತು ಕೇಳಿ ತಮ್ಮ ತಮ್ಮ ಜಾಗದಲ್ಲೇ ಹುಡುಗರಿಗೆ ಕಂಪ್ಯೂಟರು ಕಲಿಸಲು ಶುರು ಮಾಡಿದರು. ಕೋರ್ಸು ಮುಗಿಯುವವರೆಗೆ ಹುಡುಗರು ಬಂದರು, ಮುಗಿದ ಮೇಲೆ ಬರುವುದು ಬಿಟ್ಟರು. ಮೂವರೂ ನನ್ನ ಕಡೆ ನೋಡಿದರು. ಮಾಲು ಮಾರಿದವನು ಮಾಲು ಓಡುವಂತೆಯೂ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಮಾಲಿಗೆ ಗಿರಾಕಿ ಇರುವುದಿಲ್ಲ. ವ್ಯಾಪಾರ ಮಾಡುವವರು ಇದನ್ನು ಗೋಡೆಯ ಮೇಲೆ ಬರೆದುಕೊಳ್ಳಲಿ.

ಮೈಸೂರಿನಲ್ಲಿ ಒಂದು ರೂಮಿನ ಕಂಪ್ಯೂಟರುಗಳಿಗೆ ವೈರು ಎಳೆದು ಹುಡುಗರು ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳುವ ಆಟ ನೋಡಿದ್ದೆ. ಒಂದು ರೂಮಿಗೆ ವೈರು ಎಳೆದರೇ ಇಷ್ಟು ಗಲಾಟೆ, ನಾಲ್ಕು ಊರಿಗೆ ಎಳೆದರೆ ಹೇಗಿರಬಹುದು? ವೈರು ಆಗಲೇ ಕಂಬದ ಮೇಲೆ ಇತ್ತು, ಟೆಲಿಫೋನಿನವರು ಎಳೆದದ್ದು. ನಾಲ್ಕೂ ಕಡೆ ಒಂದೊಂದು ಮೋಡೆಮ್ ಹಾಕಿದೆವು. ಅದು ಕಂಪ್ಯೂಟರಿನ ಮಾತನ್ನು ಫೋನಿನಲ್ಲಿ ಕೀರಲು ಸದ್ದು ಮಾಡಿ ಕಳಿಸುವ ಪೆಟ್ಟಿಗೆ.

ಆಟ ಹೀಗಿತ್ತು. ನಾಲ್ಕು ಊರಿಗೆ ನಾಲ್ಕು ಪಾಳಯ. ನಾಲ್ಕೂ ತಾಲ್ಲೂಕುಗಳ ನಕ್ಷೆಯನ್ನು ದೊಡ್ಡ ದೊಡ್ಡ ತುಂಡು ಮಾಡಿ, ಪ್ರತಿ ತುಂಡಿಗೂ ಅಲ್ಲಿನ ಒಂದು ಊರಿನ ಹೆಸರಿಟ್ಟು, ಅದನ್ನು ತಾಕು ಅಂತ ಕರೆದೆವು. ಕಿರಂಗೂರು ಒಂದು ತಾಕು, ಕ್ಯಾತನಹಳ್ಳಿ ಒಂದು, ಗೋವಿಂದನಹಳ್ಳಿ ಒಂದು. ಪ್ರತಿ ದಿನ ಬೆಳಿಗ್ಗೆ ಏಳರೊಳಗೆ ಪ್ರತಿ ಪಾಳಯವೂ ತನ್ನ ಆಳುಗಳನ್ನು ಯಾವ ತಾಕಿನಿಂದ ಯಾವ ತಾಕಿಗೆ ನಡೆಸಬೇಕು ಎಂದು ಪಾಂಡವಪುರಕ್ಕೆ ಕಳಿಸಬೇಕು. ನಾಲ್ಕೂ ಬಂದ ಮೇಲೆ ಪಾಲುದಾರ ಒಟ್ಟಿಗೆ ತೆರೆದು, ಹೊಸ ನಕ್ಷೆಯನ್ನು ಎಲ್ಲರಿಗೂ ಕಳಿಸುತ್ತಿದ್ದ. ಎರಡು ಪಾಳಯ ಒಂದೇ ತಾಕಿನಲ್ಲಿ ಎದುರಾದರೆ ಹೆಚ್ಚು ಆಳಿದ್ದವರಿಗೆ ತಾಕು. ತಾಕು ಹೆಚ್ಚಿದ್ದಷ್ಟೂ ಮಾರನೆಯ ದಿನ ಹೊಸ ಆಳು ಹೆಚ್ಚು. ಒಂದೂ ತಾಕಿಲ್ಲದ ಪಾಳಯ ಆಟದಿಂದ ಹೊರಗೆ.

ಒಟ್ಟಿಗೆ ತೆರೆಯುವ ಬುದ್ಧಿ ನನಗೆ ಬಂದದ್ದು ದನದ ಸಂತೆಯಿಂದ. ಅಲ್ಲಿ ದಲ್ಲಾಳಿ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆರಳು ಕಾಣುವುದಿಲ್ಲ. ಪಾಳಯದ ಆಟ ಕಟ್ಟುವವರಿಗೆ ನನ್ನ ಮೊದಲ ಸಲಹೆ ಇದೇ: ಎದುರಾಳಿಯ ಮುಖ ಕಾಣಲಿ, ಬೆರಳು ಕಾಣದಿರಲಿ.

ಇದರ ಮೇಲೆ ನಾಲೆಯ ಕಾನೂನು ಒಂದು ಹಾಕಿದೆವು. ನಾಲೆಯ ಮೇಲ್ಭಾಗದ ತಾಕು ಯಾರ ಕೈಯಲ್ಲಿದೆಯೋ ಅವರಿಗೆ ಕೆಳಗಿನ ತಾಕುಗಳಲ್ಲಿ ಹುಟ್ಟುವ ಆಳಿನಲ್ಲಿ ಅರ್ಧ. ಮೇಲಿನ ತೂಬು ಯಾರ ಕೈಯಲ್ಲೋ ಕೆಳಗಿನ ಗದ್ದೆ ಅವರ ಮಾತು ಕೇಳಬೇಕು, ಇದು ನಮಗೆ ಹಾಲು ಕುಡಿಯುವಾಗಿನಿಂದ ಗೊತ್ತು. ಪಾಲುದಾರನಿಗೂ ಗೊತ್ತು, ಕೆ.ಆರ್. ಪೇಟೆಯವರಿಗೂ ಗೊತ್ತು. ಈ ಕಾನೂನು ಸರಿಯೋ ತಪ್ಪೋ ಎಂದು ನಾವು ಒಂದು ನಿಮಿಷವೂ ಮಾತಾಡಲಿಲ್ಲ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಯಾರಾದರೂ ಮಾತಾಡುತ್ತಾರೆಯೇ?

ಮೊದಲ ವಾರಗಳು ಹಬ್ಬದಂತೆ ಹೋದವು. ಶ್ರೀರಂಗಪಟ್ಟಣದ ಸ್ಟುಡಿಯೋ ಭಾಯ್ ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ತಡೆದು ನಿಲ್ಲಿಸಿ, "ಅರೆ ಭಾಯ್, ಮದುವೆ ಆಲ್ಬಮ್ ಕೊಡೋಕೆ ಟೈಮ್ ಇಲ್ಲ, ಹುಡುಗ್ರು ಕಿರಂಗೂರು ಕಾಯ್ತಾ ಕೂತವ್ರೆ" ಅಂದರು. ಅಂದದ್ದು ಬೈಗುಳದಂತೆ, ಮುಖದಲ್ಲಿ ಮಾತ್ರ ಖುಷಿ. ಆಮೇಲೆ ನಕ್ಷೆಯ ಬಣ್ಣ ಒಂದೇ ಕಡೆ ವಾಲಲು ಶುರುವಾಯಿತು. ನಮ್ಮ ಸೆಂಟರಿನ ಗೋಡೆಯ ಮೇಲೆ ದೊಡ್ಡ ನಕ್ಷೆ ಅಂಟಿಸಿ, ಪಾಳಯಕ್ಕೊಂದು ಬಣ್ಣದ ಗುಂಡುಪಿನ್ನು ಚುಚ್ಚುತ್ತಿದ್ದೆವು. ಕೆ.ಆರ್. ಪೇಟೆಯದು ಕೆಂಪು. ದಿನಕ್ಕೊಂದು ಕೆಂಪು ಪಿನ್ನು ಪೂರ್ವಕ್ಕೆ ನಡೆಯಿತು. ನಾಗಮಂಗಲದ್ದು ಹಳದಿ. ಕೊನೆಗೆ ಒಂದೇ ಒಂದು ಹಳದಿ ಪಿನ್ನು ಉಳಿಯಿತು, ನಾಗಮಂಗಲ ಪಟ್ಟಣದ ಮೇಲೆ.

ಆ ದಿನ ಟೈಪಿಂಗ್ ಮೇಡಂ ಬಸ್ಸಿನಲ್ಲಿ ಪಾಂಡವಪುರಕ್ಕೆ ಬಂದರು. ನಾಗಮಂಗಲದ ಇನ್‌ಸ್ಟಿಟ್ಯೂಟು ಅವರದು. ನನಗಿಂತ ಚಿಕ್ಕವರು, ಆದರೆ ಅವರ ಮುಂದೆ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರುತ್ತಿದ್ದೆ. ಟೈಪಿಂಗ್ ಕಲಿಸುವವರ ಮುಂದೆ ಹಾಗೆಯೇ ಆಗುತ್ತದೆ.

"ಆಟ ಸೋತ್ರೆ ಸೋಲ್ಲಿ ಸಾರ್. ನಂಗೆ ರೂಮು ಹೋಗ್ತದೆ" ಅಂದರು.

ರೂಮು ಅವರ ಅಣ್ಣನದು. ಅಣ್ಣನಿಗೆ ಗೊಬ್ಬರದ ಅಂಗಡಿ. ಮುಂಗಾರಿನ ಗೊಬ್ಬರ ಬರುವವರೆಗೆ ಮಾತ್ರ ರೂಮು ತಂಗಿಗೆ ಎಂದು ಮೊದಲೇ ಮಾತಾಗಿತ್ತು. ಲಾರಿ ಬಂದ ದಿನ ರೂಮಿನ ತುಂಬ ಹುಡುಗರಿದ್ದರೆ ಅವನು ಬೇರೆ ಜಾಗ ನೋಡಿಕೊಳ್ಳುತ್ತಾನೆ. ಖಾಲಿ ಇದ್ದರೆ ಕಂಪ್ಯೂಟರು ಹೊರಗೆ, ಮೂಟೆ ಒಳಗೆ.

"ಲಾರಿ ಈ ವಾರ ಬರ್ತದೆ" ಅಂದರು. "ಹುಡುಗ್ರು ಆಗ್ಲೇ ಉದುರ್ತಾವ್ರೆ. ನಾಗಮಂಗಲಾನೂ ಹೋದ್ರೆ ಆಟದಿಂದ ಆಚೆ. ಆಮೇಲೆ ಟೈಪಿಂಗ್ ಮಷೀನು, ನಾನು, ಗೋಡೆ."

ನನ್ನ ಲೆಕ್ಕವೂ ನನಗಿತ್ತು. ನಾಗಮಂಗಲ ಹೋದರೆ ಮುಂದಿನ ಸರದಿ ಶ್ರೀರಂಗಪಟ್ಟಣದ್ದು, ಅದರ ಹಿಂದೆ ನಮ್ಮದು. ಎದುರಾಳಿ ಇಲ್ಲದ ಪೇಟೆಯ ಹುಡುಗರೂ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಹೋಗುತ್ತಾರೆ. ಮಂಚದ ಒಂದು ಕಾಲು ಮುರಿದರೆ ಉಳಿದ ಮೂರು ಕಾಲು ಗಟ್ಟಿಯಾಗಿದ್ದು ಏನು ಪ್ರಯೋಜನ? ಗೆದ್ದವನು ಇನ್ನೂ ಬೇಗ ಗೆಲ್ಲುವಂತೆ ಆಟ ಕಟ್ಟಿದರೆ ಅದು ಅವತ್ತಿನಿಂದಲೇ ಸಾಯಲು ಶುರು ಮಾಡುತ್ತದೆ. ಇದು ನನ್ನ ಎರಡನೇ ಸಲಹೆ. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಒಂದು ಹಳದಿ ಪಿನ್ನು ನೋಡುತ್ತಾ ಕಲಿತದ್ದು.

ಆದರೆ ಕಾನೂನು ಬದಲಿಸಬೇಕಾದರೆ ನಾಲ್ಕೂ ಪಾಳಯ ಒಪ್ಪಬೇಕು ಎಂದು ಶುರುವಿನಲ್ಲಿ ನಾನೇ ಹೇಳಿದ್ದೆ. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ನಮ್ಮ ಸೆಂಟರಿಗೆ ಕರೆದೆ. ಹಿಂದಿನ ದಿನವೇ ಸ್ಟುಡಿಯೋ ಭಾಯ್ ಹತ್ತಿರ ಹೋಗಿ, "ನಾಗಮಂಗಲ ಆದ್ಮೇಲೆ ಯಾರು ಅಂತ ನಕ್ಷೆ ನೋಡ್ಕಳಿ ಭಾಯ್" ಎಂದಷ್ಟೇ ಹೇಳಿ ಬಂದಿದ್ದೆ. ಪಂಚಾಯ್ತಿ ಗೆಲ್ಲುವುದು ಪಂಚಾಯ್ತಿಯ ದಿನ ಅಲ್ಲ. ನಮ್ಮ ಪಾಳಯವನ್ನು ನಡೆಸುತ್ತಿದ್ದವರು ಸೆಂಟರಿನ ಹುಡುಗರು. ಆಟ ನಡೆಸುವವನಾದ್ದರಿಂದ ನಾನು ಆಳು ನಡೆಸುತ್ತಿರಲಿಲ್ಲ, ಅವರ ಪರವಾಗಿ ಮಾತಿಗೆ ಮಾತ್ರ ಕೂತೆ.

ಪೇಟೆಯ ಬಿಡಿಭಾಗದ ಅಂಗಡಿಯ ಯಜಮಾನರು ಕೊನೆಗೆ ಬಂದರು. ದೊಡ್ಡ ಆಳು, ದೊಡ್ಡ ಗಂಟಲು. ಬಾಗಿಲಲ್ಲೇ ನಿಂತು ಗೋಡೆಯ ಕೆಂಪು ಪಿನ್ನುಗಳನ್ನು ಕಣ್ತುಂಬ ನೋಡಿದರು.

"ಏನ್ಲಾ, ಗೆಲ್ಲೋನ್ ಕೈ ಕಟ್ಟಾಕಕ್ಕೆ ಕರ್ಸಿದ್ದೀಯಾ?"

"ಕೈ ಕಟ್ಟೋಕಲ್ಲ ಕಣಣ್ಣ, ಕಾಫಿ ಕುಡಿಸೋಕೆ."

"ನಿನ್ ಕಾಫಿ ನಂಗೊತ್ತಿಲ್ವಾ? ಆ ಹಳೇ ಕಂಪ್ಯೂಟ್ರ ತಗುಲಾಕ್ದಾಗ್ಲೂವೆ ಇಂಗೇ ಕಾಫಿ ಕುಡ್ಸಿದ್ದೆ."

ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ. ಅವರು ನಕ್ಷೆಯ ಮುಂದೆ ಎದ್ದು ನಿಂತಿದ್ದರು.

"ಈ ನಕ್ಷೆ ಯಾರು ಬರ್ದಿದ್ದು ಅಂತ ಯಾರೂ ಹೇಳ್ಬೇಕಾಗಿಲ್ಲ" ಅಂದರು. "ನಾಲೆ ದಂಡೇಲಿ ಹುಟ್ಟಿದೋರು. ತೂಬು ಎತ್ತಿದ್ರೆ ನೀರು, ಇಳಿಸಿದ್ರೆ ಬರ. ನೀರು ಅಂದ್ರೆ ನಿಮಗೆ ಅಷ್ಟೇ ಗೊತ್ತು. ನಮ್ ಕಡೆ ನಾಲೆ ಎಲ್ಲೈತೆ ತೋರ್ಸಿ. ನಿಮ್ ಆಟದಲ್ಲಿ ನಾಗಮಂಗಲ ಮೊದಲ್ನೇ ದಿನಾನೇ ಸೋತಿತ್ತು ಕಣ್ರೀ."

ಪಾಲುದಾರ ನಕ್ಷೆ ನೋಡಿದ, ನಾನೂ ನೋಡಿದೆ. ನೀಲಿ ಗೆರೆಗಳು ಪೇಟೆಯಲ್ಲಿ, ಪಾಂಡವಪುರದಲ್ಲಿ, ಶ್ರೀರಂಗಪಟ್ಟಣದಲ್ಲಿ ಓಡಾಡಿ ನಾಗಮಂಗಲದ ಅಂಚಿಗೆ ಬರುವಷ್ಟರಲ್ಲಿ ನಿಂತುಬಿಟ್ಟಿದ್ದವು. ನಾಲೆ ಇಲ್ಲದ ಸೀಮೆಯೂ ಒಂದು ಸೀಮೆ ಎಂಬುದು ನಮ್ಮ ತಲೆಗೇ ಬಂದಿರಲಿಲ್ಲ.

"ಅಂಗಾದ್ರೆ ನಿಮ್ ಕಡೆ ಏನೈತಮ್ಮ?" ಪೇಟೆಯವರು ಕೇಳಿದರು, ಚುಚ್ಚಿಯೇ.

"ಕೆರೆ ಐತೆ. ಮಳೆ ಬಂದ್ರೆ ತುಂಬ್ತದೆ, ತುಂಬಿದ್ರೆ ಕೋಡಿ ಬೀಳ್ತದೆ. ಮೇಲಿನ ಕೆರೆಯೋನು ನಿಮ್ಮಂಥ ಜಿಪುಣನೇ ಆಗ್ಲಿ, ಕೋಡಿ ನೀರ್ನ ಹಿಡ್ಕೊಂಡು ಕೂತ್ಕೊಳ್ಳೋಕೆ ಆಗಲ್ಲ. ಅದು ಕೆಳಗಿನ ಕೆರೆಗೆ ಹೋಗ್ಲೇಬೇಕು, ಕೆಳಗಿರೋನು ದಾಯಾದಿ ಆದ್ರೂ ಸೈ."

ಅವರು ಹೇಳಿದ್ದು ರೇಗಿ. ನನಗೆ ಮಾತ್ರ ಕಿವಿ ನೆಟ್ಟಗಾಯಿತು. ಒಳ್ಳೇ ಮಾಲು ಗಲಾಟೆಯ ಮಧ್ಯೆಯೇ ಸಿಗುವುದು. ಪಾಲುದಾರನ ಕಡೆ ತಿರುಗಿ, ಒಂದು ತಾಕಿನಲ್ಲಿ ಇಂತಿಷ್ಟೇ ಆಳು ಹಿಡಿಯಬೇಕು, ಹೆಚ್ಚಾದವರು ಪಕ್ಕದ ತಾಕಿಗೆ ಹರಿದುಹೋಗಿ ಆ ತಾಕಿನವರ ಕಡೆ ಸೇರಿಬಿಡಬೇಕು, ಹಾಗೆ ಬರೆಯಲು ಆಗುತ್ತದೆಯೇ ಎಂದೆ.

"ಪಕ್ಕದಲ್ಲಿ ನಾಲ್ಕೈದು ತಾಕು ಇರ್ತವೆ. ಯಾವ್ದಕ್ಕೆ?"

"ನೀರು ಎಲ್ಲಿಗೆ ಹೋಗ್ತದೆ? ತಗ್ಗಿಗೆ. ಬೇರೆ ಪಾಳಯದ ತಾಕಿನಲ್ಲಿ ಎಲ್ಲಿ ಆಳು ಕಡಿಮೆಯೋ ಅಲ್ಲಿಗೆ. ತನ್ನ ತಾಕಿಗೇ ವಾಪಸ್ ಹರಿಸ್ಕೊಳ್ಳೋ ಹಾಗಿಲ್ಲ."

ಪಾಲುದಾರ ಪೆನ್ಸಿಲು ಕಚ್ಚಿಕೊಂಡು ಸ್ವಲ್ಪ ಹೊತ್ತು ಸೂರು ನೋಡಿದ. "ಆಗ್ತದೆ" ಅಂದ.

ಸ್ಟುಡಿಯೋ ಭಾಯ್ ತಕ್ಷಣ ಒಪ್ಪಿದರು. ನಮ್ಮ ಹುಡುಗರ ಪರವಾಗಿ ನಾನೂ ಒಪ್ಪಿದೆ. ಪೇಟೆಯವರು ಕಾಫಿ ಲೋಟವನ್ನು ಟಕ್ಕೆಂದು ಇಟ್ಟರು.

"ಬತ್ತ ಬೆಳ್ದೋನು ನಾನು, ಕಣಜ ತೂತ್ ಮಾಡೋರು ನೀವಾ? ಒಪ್ಪಕ್ಕಿಲ್ಲ. ಬೇಕಾರೆ ಮುಂದಿನ್ ಆಟುಕ್ಕೆ ಮಡಿಕಳಿ."

"ಮುಂದಿನ ಆಟ ಅನ್ನೋದೇ ಇರಲ್ಲ ಕಣಣ್ಣ. ನಾಳೆಯಿಂದ ಆಗ್ಲಿ."

"ಮುಂದಿನ್ ಆಟ."

ನಾನು ಸುಮ್ಮನಾದೆ. ಚೌಕಾಸಿಯಲ್ಲಿ ಬಾಯಿ ಮುಚ್ಚುವುದೂ ಒಂದು ಮಾತು. ಅವರು ಒಪ್ಪದೆ ಎದ್ದು ಹೋಗುವವರಲ್ಲ ಎಂದು ನನಗೆ ಗೊತ್ತಿತ್ತು. ಎದ್ದು ಹೋದರೆ ಅವರ ಕೆಂಪು ಪಿನ್ನುಗಳನ್ನು ನೋಡುವವರು ಯಾರು? ಎರಡನೇ ಕಾಫಿ ತರಿಸಿದೆ. ಅದು ಆರುವಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

"ಸರಿ ಕಣ್ಲಾ. ನಾಳೆ ಬೆಳಗ್ಗೆ ಹಳೇ ಕಾನೂನೇ ನಡೀಲಿ. ನಾಡಿದ್ದಿಂದ ನಿನ್ ಕೋಡಿನಾದ್ರೂ ಬೀಳುಸ್ಕೊ, ಕೊಡೆನಾದ್ರೂ ಇಡ್ಕೊ."

ಅವರ ಮಾತಿನ ಅರ್ಥ ಎಲ್ಲರಿಗೂ ಆಗಿತ್ತು. ನಾಗಮಂಗಲದ ಸುತ್ತ ಕೆಂಪು ಪಿನ್ನುಗಳು ಉಂಗುರದಂತೆ ನಿಂತಿದ್ದವು. ನಾಗಮಂಗಲವನ್ನು ಮುಗಿಸಲು ಅವರಿಗೆ ಬೇಕಾಗಿದ್ದದ್ದು ಒಂದೇ ಬೆಳಗು.

ಇನ್ನೊಂದು ಸುತ್ತು ಎಳೆಯೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ, "ಒಪ್ಪಿದೆ" ಅಂದುಬಿಟ್ಟರು.

ನನಗೆ ಮೈ ಉರಿಯಿತು. ಇಷ್ಟು ಬೇಗ ಒಪ್ಪುವ ಗಿರಾಕಿಯನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಹೊರಗೆ ಬಸ್ಸಿಗೆ ಬಿಡಲು ಹೋದಾಗ, "ಏನ್ ಮೇಡಂ, ಒಂದು ಗಳಿಗೆ ತಡೀಬಾರ್ದಿತ್ತಾ?" ಎಂದೆ.

"ತಡುದ್ರೆ ಅವರು ಇನ್ನೊಂದು ಯೋಚ್ನೆ ಮಾಡ್ತಿದ್ರು" ಅಂದರು, ಅಷ್ಟೇ. ಬಸ್ಸು ಹೊರಟಿತು.

ರಾತ್ರಿ ಮಳೆ ಹೊಡೆಯಿತು. ಮುಂಗಾರಿಗೆ ಮುಂಚಿನ ಗುಡುಗು ಮಳೆ. ಬೆಳಿಗ್ಗೆ ಆರೂವರೆಗೆ ನಾನು ಸೆಂಟರಿನ ಬಾಗಿಲು ತೆಗೆದಾಗ ಪಾಲುದಾರ ನನಗಿಂತ ಮುಂಚೆ ಬಂದು ಮೆಟ್ಟಿಲ ಮೇಲೆ ಕೂತಿದ್ದ. ನಮ್ಮ ಹುಡುಗರು ಹಿಂದಿನ ಸಂಜೆಯೇ ತಮ್ಮದನ್ನು ಹಾಕಿಹೋಗಿದ್ದರು, ಸುಮ್ಮನೆ ತಮ್ಮ ತಾಕುಗಳಲ್ಲಿ ಕೂರುವುದು ಎಂದು. ಮೊದಲು ಪೇಟೆಯ ಮೋಡೆಮ್ ಕೂಗಿತು, ಫೈಲು ಬಂತು. ಅದನ್ನು ಯಾರೂ ತೆರೆಯುವ ಹಾಗಿಲ್ಲ. ಆಮೇಲೆ ಶ್ರೀರಂಗಪಟ್ಟಣದ್ದು.

ನಾಗಮಂಗಲದ್ದು ಬರಲಿಲ್ಲ.

ಫೋನು ಬಡಿಯುತ್ತದೆ, ಮೋಡೆಮ್ ಎತ್ತುತ್ತದೆ, ಕೀರಲು ಸದ್ದಿನ ಮಧ್ಯೆ ಹುರಿದಂತೆ ಚಟಚಟ, ಲೈನು ಕಟ್. ಮತ್ತೆ ಬಡಿಯುತ್ತದೆ, ಮತ್ತೆ ಕಟ್. ಎಲ್ಲೋ ಕಂಬದ ಮೇಲೆ ನೀರು ಕೂತಿತ್ತು. ಹುಕುಮು ಬರದಿದ್ದರೆ ಆಳುಗಳು ಇದ್ದಲ್ಲೇ ನಿಲ್ಲುತ್ತಾರೆ, ಹಾಗೆ ಕಾನೂನು. ಇದ್ದಲ್ಲೇ ನಿಂತರೆ ಏನಾಗುತ್ತದೆ ಎಂದು ಪಾಲುದಾರನಿಗೂ ಗೊತ್ತು, ನನಗೂ ಗೊತ್ತು. ಅವನು ಗಡಿಯಾರದ ಕಡೆ ನೋಡುವುದನ್ನು ನಿಲ್ಲಿಸಿ ಗೋಡೆಯ ಕಡೆ ನೋಡಲು ಶುರು ಮಾಡಿದ.

"ಒಸಿ ಹೊತ್ತು ಕಾಯೋಣವಾ, ಏಳು ಆದ್ಮೇಲೂ?" ಎಂದೆ ಮೆಲ್ಲಗೆ.

"ಕಾದ್ರೆ ಪೇಟೆಯೋರು ಆಟ ಬಿಡ್ತಾರೆ. ಕಾಯದಿದ್ರೆ ನಾಗಮಂಗಲದೋರು ಹೋಗ್ತಾರೆ. ನೀನೇ ಹೇಳು."

ಮತ್ತೆ ಫೋನು ಬಡಿದಾಗ ಮೋಡೆಮ್ಮಿನ ವೈರು ಕಿತ್ತು ರಿಸೀವರನ್ನೇ ಕಿವಿಗಿಟ್ಟೆ. ಮೋಡೆಮ್ಮಿಗೆ ಕೇಳದ್ದು ಮನುಷ್ಯನ ಕಿವಿಗೆ ಕೇಳುತ್ತದೆ.

"ಹಲೋ! ಮೇಡಂ! ಬಾಯಲ್ಲೇ ಹೇಳಿ, ಬರ್ಕೊಳ್ತೀನಿ."

ಲೈನು ಕೆಟ್ಟರೆ ಬಾಯಲ್ಲಿ ಹೇಳಬಹುದು, ಹಾಗೆ ಹೇಳಿದ್ದನ್ನು ಎಲ್ಲ ಪಾಳಯಕ್ಕೂ ತಿಳಿಸಬೇಕು ಎಂದು ಕಾನೂನಿನಲ್ಲೇ ಇತ್ತು. ಆದರೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಆಗ ನನಗೆ ಬೆರಳು ಕಾಣುತ್ತದಲ್ಲ.

"ಬರ್ಕೊಳ್ರಿ" ಚಟಚಟದ ಆಚೆಯಿಂದ ಮೇಡಂ ದನಿ. "ನಾಗಮಂಗಲದಿಂದ ಗೋವಿಂದನಹಳ್ಳಿಗೆ. ಎಲ್ಲಾ ಆಳು."

"ನಾಗಮಂಗಲದಲ್ಲಿ ಎಷ್ಟು ಬಿಡ್ತೀರಿ?"

"ಸೊನ್ನೆ."

"ಸೊನ್ನೆ?"

"ಸೊನ್ನೆ ಅಂದ್ರೆ ಸೊನ್ನೆ ಕಣ್ರೀ!"

ಸಲಹೆ ಕೊಡುವುದು ನನ್ನ ಹುಟ್ಟುಗುಣ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ, ಮದುವೆ ಮನೆಯಲ್ಲಿ ಅಡುಗೆಯವರಿಗೆ, ಒಮ್ಮೆ ನನಗೆ ಸೂಜಿ ಹಾಕುತ್ತಿದ್ದ ಡಾಕ್ಟರಿಗೂ ಕೊಟ್ಟವನು ನಾನು. ಆ ಗಳಿಗೆಯಲ್ಲಿ ನಾಲಿಗೆಯ ತುದಿಗೆ ಬಂದದ್ದು ಇಷ್ಟು: ಊರು ಬಿಡಬೇಡಿ, ಇರುವ ಆಳನ್ನೆಲ್ಲ ಊರಿನಲ್ಲೇ ಕೂರಿಸಿ, ಪೇಟೆಯವರು ಅರ್ಧ ಆಳು ಕಳಿಸಿದ್ದರೆ ಉಳಿದುಕೊಳ್ಳಬಹುದು. ಗೋವಿಂದನಹಳ್ಳಿ ಪೇಟೆಯವರ ತಾಕು, ಅಲ್ಲಿ ಕಾವಲಿದ್ದರೆ ಅಲ್ಲೇ ಮುಗಿಯಿತು. ಇಷ್ಟೂ ಬಾಯಿ ತುಂಬ ಇತ್ತು. ಆದರೆ ಬೆರಳು ಹಿಡಿದ ದಲ್ಲಾಳಿ ಬೆಲೆ ಹೇಳಿಕೊಟ್ಟರೆ ಆ ಸಂತೆಗೆ ಮತ್ತೆ ಯಾರೂ ಎತ್ತು ಹೊಡೆದುಕೊಂಡು ಬರುವುದಿಲ್ಲ. ಹಲ್ಲು ಕಚ್ಚಿದೆ.

ಆಗ ಅವರ ಹಿಂದಿನಿಂದ ಇನ್ನೊಂದು ದನಿ ಕೇಳಿತು, ಗಂಡಸಿನದು. "ಲಾರಿ ಬಂದ್ಬುಡ್ತು ಕಣವ್ವಾ. ರೂಮ್ ಬೀಗದ್ ಕೈ ಕೊಡು."

"ಬರ್ಕೊಂಡ್ರಾ?" ಮೇಡಂ ಕೇಳಿದರು.

"ಬರ್ಕೊಂಡೆ."

ಲೈನು ಸತ್ತಿತು. ಏಳಕ್ಕೆ ಇನ್ನೂ ಸ್ವಲ್ಪ ಇತ್ತು. ಚೀಟಿಯನ್ನು ಪಾಲುದಾರನ ಮುಂದೆ ಕವುಚಿ ಇಟ್ಟು ಹೊರಗೆ ಹೋಗಿ ನಿಂತೆ. ಅವನು ಒಂದೊಂದಾಗಿ ಟೈಪು ಮಾಡುವ ಸದ್ದು, ಆಮೇಲೆ ಸದ್ದಿಲ್ಲ. ನಂತರ ಒಳಗಿನಿಂದ, "ಲೇ, ಬಾ ಇಲ್ಲಿ."

ಪರದೆಯ ಮೇಲೆ ನಾಗಮಂಗಲ ಕೆಂಪಾಗಿತ್ತು. ಆಮೇಲೆ ಅವನ ಬೆರಳು ಎಡಕ್ಕೆ ಸರಿಯಿತು. ಗೋವಿಂದನಹಳ್ಳಿ ಹಳದಿ.

ಪೇಟೆಯವರು ಎಲ್ಲ ತಾಕುಗಳಿಂದ ಕಟ್ಟಕಡೆಯ ಆಳನ್ನೂ ಎಬ್ಬಿಸಿ ನಾಗಮಂಗಲಕ್ಕೆ ನುಗ್ಗಿಸಿದ್ದರು. ಗೋವಿಂದನಹಳ್ಳಿಯಲ್ಲಿ ಕಾವಲಿಗೆ ಒಬ್ಬನೂ ಇರಲಿಲ್ಲ. ಇರಬೇಕಾದ ಅಗತ್ಯ ಅವರಿಗೆ ಕಂಡಿರಲಿಲ್ಲ. ಊರು ಬಿಟ್ಟು ಹೋಗುವವರು ಇರುತ್ತಾರೆ ಎಂದು ನಮ್ಮಲ್ಲಿ ಯಾರು ತಾನೇ ಅಂದುಕೊಳ್ಳುತ್ತಾರೆ? ಮನೆ ಬಿದ್ದರೂ ಹಟ್ಟಿ ಬಿಡದ ಜನ ನಾವು. ಒಂದೂ ತಾಕಿಲ್ಲದಿದ್ದರೆ ಹೊರಗೆ ಎಂದು ಕಾನೂನು ಬರೆದಿದ್ದೆವು, ಸ್ವಂತ ಊರು ಹೋದರೆ ಹೊರಗೆ ಎಂದು ಬರೆದಿರಲಿಲ್ಲ. ಬರೆದ ನಮಗೇ ಆ ವ್ಯತ್ಯಾಸ ಗೊತ್ತಿರಲಿಲ್ಲ.

"ಇಷ್ಟೇ ಅಲ್ಲ ಕಣೋ" ಪಾಲುದಾರ ಅಂದ. ಅವನ ಕಿವಿ ಕೆಂಪಾಗಿತ್ತು. "ನಾಳೆಯಿಂದ ಕೋಡಿ. ನಾಗಮಂಗಲದಲ್ಲಿ ಈಗ ಎಷ್ಟು ಆಳು ತುಂಬವ್ರೆ ನೋಡು. ಪಕ್ಕದಲ್ಲಿ ಬೇರೆ ಪಾಳಯದ ತಾಕು, ಆಳು ಕಡಿಮೆ ಇರೋದು, ಯಾವ್ದು?"

ಗೋವಿಂದನಹಳ್ಳಿ. ನಿಜವಾದ ನೆಲದ ಮೇಲೆ ಅದು ಅಷ್ಟು ಹತ್ತಿರವಲ್ಲ. ನಮ್ಮ ನಕ್ಷೆಯ ತುಂಡುಗಳು ದೊಡ್ಡವು, ಅಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಡಂ ಊರು ಬಿಟ್ಟು ಓಡಿರಲಿಲ್ಲ. ಕೋಡಿಯ ಕೆಳಗೆ ಹೋಗಿ ಕೂತಿದ್ದರು.

ಪೇಟೆಯವರ ಫೋನು ಬಂತು. ಮೊದಲು ನಗು. "ತಗಂಡೆ ಕಣ್ಲಾ ನಾಗಮಂಗ್ಲಾನ!" ಆಮೇಲೆ ಅವರ ಹುಡುಗರು ಏನೋ ಹೇಳಿರಬೇಕು, ನಗು ನಿಂತಿತು. "ಲೇ, ಅಲ್ಲಿದ್ದ ಆಳೆಲ್ಲಾ ಎಲ್ಲೋದ್ರು?" ಆಮೇಲೆ ಸಿಟ್ಟು. "ನೀನೇ ಯೇಳ್ಕೊಟ್ಟಿದ್ದೀಯ! ಬಾಯಲ್ ಯೇಳುಸ್ಕಂಡೆ ಅಂತ ಆಗ್ಲೇ ಗೊತ್ತಾಯ್ತು ನಂಗೆ!"

"ನಾನು ಹೇಳ್ಕೊಟ್ಟಿದ್ರೆ ಊರಲ್ಲೇ ಕೂರ್ಸಿರ್ತಿದ್ದೆ ಕಣಣ್ಣ" ಎಂದೆ. "ಕೂರಿಸಿ ಕೊಂದಿರ್ತಿದ್ದೆ. ನಿಮ್ಮ ದೇವರಾಣೆ, ನನ್ನ ಬುದ್ಧಿ ಅಷ್ಟೇ."

ಸುಳ್ಳನ್ನು ಅವರು ನಂಬುತ್ತಿರಲಿಲ್ಲ. ವ್ಯಾಪಾರಿ ತನ್ನ ಬುದ್ಧಿ ಕಡಿಮೆ ಅಂತ ಒಪ್ಪಿಕೊಂಡರೆ ಮಾತ್ರ ಇನ್ನೊಬ್ಬ ವ್ಯಾಪಾರಿ ನಂಬುತ್ತಾನೆ. "ಆಯಮ್ಮನ್ನ ನಮ್ ಅಂಗ್ಡಿ ಗಲ್ಲಾಪೆಟ್ಗೆ ತಾವ ಕೂರುಸ್ಕಬೇಕಿತ್ತು ಕಣ್ಲಾ" ಎಂದು ಫೋನು ಇಟ್ಟರು.

ಆಟ ಉಳಿಯಿತು. ರೂಮು? ಅದು ಗೊತ್ತಿರಲಿಲ್ಲ. ನಾಗಮಂಗಲದ ಫೋನು ಸತ್ತೇ ಇತ್ತು. ಮೊದಲ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಒಂದೇ: ಕಂಪ್ಯೂಟರುಗಳು ರಸ್ತೆಯ ಮೇಲೆ, ಅವುಗಳ ಮೇಲೆ ತುಂತುರು. ತಾಕು ಉಳಿಸಿಕೊಂಡರೂ ಊರು ಕಳೆದುಕೊಂಡ ಪಾಳಯಕ್ಕೆ ಹುಡುಗರು ಬರುತ್ತಾರೆಯೇ?

ಇನ್‌ಸ್ಟಿಟ್ಯೂಟಿನ ಮುಂದೆ ಲಾರಿ ನಿಂತಿತ್ತು. ಹಮಾಲಿಗಳು ಬೆನ್ನ ಮೇಲೆ ಮೂಟೆ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಲು ಜಾಗವೇ ಇರಲಿಲ್ಲ. ರೂಮು ಮಾತ್ರವಲ್ಲ, ಜಗುಲಿಯೂ ತುಂಬಿತ್ತು. ನಾನು ಬಸ್ಸಿನಲ್ಲಿದ್ದಾಗ ಲೈನು ಸರಿಹೋಗಿ ಪಾಲುದಾರನ ಹೊಸ ನಕ್ಷೆ ಅಲ್ಲಿಗೂ ಬಂದಿತ್ತು. ಬಿಟ್ಟು ಹೋಗಿದ್ದ ಹುಡುಗರೆಲ್ಲ ಬಂದಿದ್ದರು, ಗುರುತೇ ಇಲ್ಲದವರೂ ಬಂದಿದ್ದರು, ಎಲ್ಲರೂ ಮೇಡಂ ಮೇಲೆ ಕೂಗಾಡುತ್ತಿದ್ದರು.

"ನಮ್ಮೂರ್ನ ಬುಟ್ಕೊಟ್ಬುಟ್ರಲ್ಲಾ ಮೇಡಂ!"

"ಪ್ಯಾಟೆಯೋರ್ಗೆ!"

"ಒಂದ್ ಮಾತ್ ಕೇಳ್ಬೋದಿತ್ತಲ್ವಾ!"

ಮೇಡಂ ಟೈಪಿಂಗ್ ಮಷೀನಿನ ಹಿಂದೆ ನೆಟ್ಟಗೆ ಕೂತಿದ್ದರು. "ನಾಳೆ ನೋಡ್ರೋ" ಅನ್ನುತ್ತಿದ್ದರು, ಯಾರಿಗೂ ಕೇಳುತ್ತಿರಲಿಲ್ಲ.

ಅವರ ಅಣ್ಣ ಹುಡುಗರನ್ನು ತಳ್ಳಿಕೊಂಡು ಒಳಗೆ ಬಂದ. ಮುಗಿಯಿತು ಎಂದುಕೊಂಡೆ.

"ಏನ್ರೋ ಅದು, ಪ್ಯಾಟೆಯೋರು ಏನ್ ತಗಂಡ್ರು?" ಎಂದ.

"ನಾಗಮಂಗ್ಲ ಕಣಣ್ಣೋ!" ಎಂದು ಹತ್ತು ಬಾಯಿ.

"ಆಟದಲ್ಲಿ ಅಣ್ಣ, ಕಂಪ್ಯೂಟ್ರಲ್ಲಿ" ಮೇಡಂ ಅಂದರು.

"ಎಲ್ಲಾದ್ರೂ ಆಗ್ಲಿ!" ಅವನ ಮುಖ ಕೆಂಪಾಗಿತ್ತು. "ನಾನು ಮಾಲು ತರೋದೇ ಪ್ಯಾಟೆ ದಲ್ಲಾಳಿ ತಾವ. ನಾಳೀಕೆ ಅವ್ನು ನನ್ ಮೊಖ ನೋಡ್ಕಂಡು, ಏನ್ರೀ ನಿಮ್ಮೂರ್ನ ನಮ್ ಹುಡುಗ್ರು ತಗಂಡ್ರಂತೆ ಅಂದ್ರೆ ನಾನೇನ್ ಮಾತಾಡ್ಲಿ? ವಾಪಸ್ ತಗಳಕ್ಕೆ ಆಯ್ತದಾ ಇಲ್ವಾ, ಅದ್ನ ಯೇಳು."

"ಆಗ್ತದೆ. ನಾಳೆಯಿಂದ ಅವರ ಆಳೇ ನಮ್ಮ ಕಡೆ ಹರೀತಾರೆ."

"ಎಷ್ಟ್ ದಿವ್ಸ ಬೇಕು?"

ಮೇಡಂ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ, ಆ ದಿನ ಎರಡನೇ ಸಲ.

"ಗೊತ್ತಿಲ್ಲ" ಅಂದರು. "ರೂಮು ಇರೋಗಂಟ ಆಡ್ತೀವಿ."

ಅಣ್ಣ ಹಮಾಲಿಗಳ ಕಡೆ ತಿರುಗಿದ. ಮೂಟೆಯ ಭಾರಕ್ಕೆ ಅವರ ಕುತ್ತಿಗೆಯ ನರ ಉಬ್ಬಿತ್ತು. "ಲಾರಿನ ನಮ್ ಮನೆ ಕೊಟ್ಟಿಗೇಗ್ ಹೊಡೀರಿ. ಎಮ್ಮೆ ಆಚೆ ಕಟ್ಟಿ" ಎಂದ. ಅವರು ಬೈದುಕೊಳ್ಳುತ್ತಾ ಮೆಟ್ಟಿಲಿಳಿದರು, ಲಾರಿ ಹಿಂದಕ್ಕೆ ಹೊರಟಿತು. ಅವನು ಮಾತ್ರ ಅಲ್ಲೇ ನಿಂತು, ಒಬ್ಬ ಹುಡುಗನ ಭುಜ ಹಿಡಿದು, ಪರದೆಯ ಮೇಲೆ ಗೋವಿಂದನಹಳ್ಳಿ ಯಾವ ಮೂಲೆಯಲ್ಲಿದೆ ಎಂದು ಕೇಳುತ್ತಿದ್ದ.